ಯೆಹೂದಿ ಧರ್ಮದಲ್ಲಿ ಕ್ಷಮೆ ಯಾರ ಕೈಯಲ್ಲಿದೆ?

ಯೆಹೂದಿಗಳ ಬಗ್ಗೆ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಯುದ್ಧದ ಸುದ್ದಿ, ಇಲ್ಲವೇ ಹಿಟ್ಲರನ ಕಾಲದ ಕಥೆ. ಅವರು ಏನನ್ನು ನಂಬುತ್ತಾರೆ, ಹೇಗೆ ಪ್ರಾರ್ಥಿಸುತ್ತಾರೆ, ಹೊರಗಿನವರು ಅವರಲ್ಲಿ ಸೇರಬಹುದಾ, ತಪ್ಪು ಮಾಡಿದವನು ಏನು ಮಾಡಬೇಕು ಎಂಬ ಪ್ರಶ್ನೆಗಳು ಯಾರಿಗಾದರೂ ಬರುತ್ತವೆ. ಕ್ರೈಸ್ತ ಧರ್ಮದ ಬಗ್ಗೆ ತಿಳಿದದ್ದನ್ನೇ ಇದಕ್ಕೂ ಹೊಂದಿಸಿ ನಾವು ಉತ್ತರ ಊಹಿಸಿಬಿಡುತ್ತೇವೆ. ಎರಡರ ಬೇರು ಒಂದೇ ಆದರೂ ಈ ಪ್ರಶ್ನೆಗಳ ಉತ್ತರ ಬೇರೆ ಬೇರೆ. ಅದರಲ್ಲೂ ಪಶ್ಚಾತ್ತಾಪದ ವಿಷಯದಲ್ಲಿ ಯೆಹೂದಿ ಗುರುಗಳು ಯೋಚಿಸಿದ ರೀತಿ ಎಲ್ಲರೂ ತಿಳಿಯಬೇಕಾದದ್ದು ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಈ ಬರಹ.

ನಂಬಿಕೆಯಿಂದಲೇ ಶುರು ಮಾಡೋಣ. ದೇವರು ಒಬ್ಬನೇ. 'ಶೆಮಾ' ಎಂಬ ಪಠಣ ಹೇಳುವುದು ಇದನ್ನೇ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅದನ್ನು ಹೇಳಬೇಕು. ಕನ್ನಡ ಬೈಬಲ್ ಓದುವವರಿಗೆ ಇದು ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಸಿಗುತ್ತದೆ. ಮಾತು ಕಲಿಯುವ ಮಗುವಿಗೆ ಹೇಳಿಕೊಡುವುದೂ ಅದನ್ನೇ, ಸಾಯುವ ಗಳಿಗೆಯಲ್ಲಿ ಹೇಳಬೇಕೆಂದು ಹಾರೈಸುವುದೂ ಅದನ್ನೇ. ದೇವರಿಗೆ ದೇಹವಿಲ್ಲ, ರೂಪವಿಲ್ಲ. ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಮೂರ್ತಿಯಾಗಲಿ ದೇವರ ಚಿತ್ರವಾಗಲಿ ಇರುವುದಿಲ್ಲ. ಎದುರಿಗಿರುವುದು ಒಂದು ಕಪಾಟು. ಅದರೊಳಗೆ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ತೋರಾ ಸುರುಳಿಗಳು. ತೋರಾ ಅಂದರೆ ಮೋಶೆಯ ಐದು ಗ್ರಂಥಗಳು. ದೇವರ ಹೆಸರನ್ನು ಬಾಯಿಬಿಟ್ಟು ಉಚ್ಚರಿಸುವುದೂ ಇಲ್ಲ. ಆ ಹೆಸರಿರುವ ಹಾಳೆ ಹರಿದರೂ ಕಸಕ್ಕೆ ಹಾಕುವುದಿಲ್ಲ. ಒಂದು ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಹೂಳುತ್ತಾರೆ. ಈ ಪದ್ಧತಿಯಿಂದ ನಮ್ಮ ಮಂಗಳೂರಿನ ಇತಿಹಾಸಕ್ಕೂ ಒಂದು ಲಾಭವಾಗಿದೆ, ಅದನ್ನು ಮುಂದೆ ಹೇಳುತ್ತೇನೆ.

ಹಾಗಾದರೆ ಯೆಹೂದಿ ಆಗಲು ಇಂತಿಂಥದ್ದನ್ನು ನಂಬಲೇಬೇಕು ಅಂತ ಪಟ್ಟಿ ಇದೆಯಾ? ಇದೆ, ಆದರೆ ಅದರ ಬಗ್ಗೆ ಒಮ್ಮತವಿಲ್ಲ. 12ನೇ ಶತಮಾನದಲ್ಲಿ ಮೈಮೋನಿಡೀಸ್ ಎಂಬ ದೊಡ್ಡ ವಿದ್ವಾಂಸ ಹದಿಮೂರು ತತ್ವಗಳನ್ನು ಪಟ್ಟಿ ಮಾಡಿದ. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯನಾಗಿ ಬದುಕಿ, 1204ರಲ್ಲಿ ತೀರಿಕೊಂಡವನು. ಆ ಪಟ್ಟಿಯನ್ನು ಇವತ್ತಿಗೂ ಹಾಡಾಗಿ ಹೇಳುತ್ತಾರೆ. ಆದರೆ ನಂತರ ಬಂದ ಪಂಡಿತರು ಇಷ್ಟು ಬೇಡ, ಮೂರೇ ಸಾಕು ಎಂದರು, ಕೆಲವರು ಪಟ್ಟಿಯೇ ತಪ್ಪು ಎಂದರು. ಈ ಧರ್ಮದಲ್ಲಿ ಜಗಳವಾಡಿದ್ದನ್ನೂ ಬರೆದಿಡುತ್ತಾರೆ. ಸುಮಾರು 200ನೇ ಇಸವಿಯ ಹೊತ್ತಿಗೆ ಸಂಗ್ರಹವಾದ ಧರ್ಮನಿಯಮಗಳ ಗ್ರಂಥ ಮಿಷ್ನಾ, ಅದರ ಮೇಲೆ ಶತಮಾನಗಳ ಕಾಲ ನಡೆದ ಚರ್ಚೆಯನ್ನೆಲ್ಲ ಸೇರಿಸಿಕೊಂಡ ತಾಲ್ಮುದ್, ಇವೆರಡರಲ್ಲೂ ಸೋತವರ ವಾದವೂ ಹೆಸರಿನ ಸಮೇತ ಇದೆ.

ಒತ್ತು ಬೀಳುವುದು ಮಾಡುವುದರ ಮೇಲೆ. ತೋರಾದಲ್ಲಿ 613 ಆಜ್ಞೆಗಳಿವೆ ಎಂಬುದು ಪರಂಪರೆಯ ಲೆಕ್ಕ. ಇದನ್ನು ಮಾಡು ಎನ್ನುವಂಥವು 248, ಮಾಡಬೇಡ ಎನ್ನುವಂಥವು 365. ದೇವಾಲಯ, ಬಲಿ, ರಾಜರಿಗೆ ಸಂಬಂಧಿಸಿದ ಎಷ್ಟೋ ಆಜ್ಞೆಗಳನ್ನು ಇವತ್ತು ನಡೆಸಲಿಕ್ಕಾಗುವುದಿಲ್ಲ. ಉಳಿದವು ಊಟ, ಬಟ್ಟೆ, ವ್ಯಾಪಾರ, ಮದುವೆ, ಕೂಲಿ, ಸಾಲ, ಶನಿವಾರದ ವಿಶ್ರಾಂತಿ ಎಲ್ಲವನ್ನೂ ಮುಟ್ಟುತ್ತವೆ. ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕು ಎಂಬುದು ಪ್ರಾರ್ಥನೆಯಷ್ಟೇ ಧಾರ್ಮಿಕ ವಿಷಯ. ದೇವರನ್ನು ನಂಬದ ಯೆಹೂದಿಯೂ ಯೆಹೂದಿಯೇ. ಅವನನ್ನು ಯಾರೂ ಹೊರಗೆ ಹಾಕುವುದಿಲ್ಲ.

ಹುಟ್ಟುವಾಗಲೇ ಪಾಪ ಹೊತ್ತು ಬರುತ್ತೇವೆ ಎಂಬ ನಂಬಿಕೆ ಇಲ್ಲಿ ಇಲ್ಲ. ನೀನು ನನಗೆ ಕೊಟ್ಟ ಆತ್ಮ ಶುದ್ಧವಾದದ್ದು ಅಂತ ಪ್ರತಿ ಬೆಳಿಗ್ಗೆ ದೇವರಿಗೆ ಹೇಳುತ್ತಾರೆ. ಒಳ್ಳೆಯದರ ಕಡೆಗೂ ಕೆಟ್ಟದ್ದರ ಕಡೆಗೂ ಎಳೆಯುವ ಎರಡು ಸೆಳೆತ ಎಲ್ಲರಲ್ಲೂ ಇವೆ, ಆಯ್ಕೆ ನಮ್ಮದು. ಮೆಸ್ಸೀಯ, ಅಂದರೆ ದೇವರು ಕಳಿಸುವ ಉದ್ಧಾರಕ, ಇನ್ನೂ ಬರಬೇಕಾದವನು. ಹಾಗಾಗಿ ಯೇಸುವನ್ನು ಅವರು ಮೆಸ್ಸೀಯ ಎಂದು ಒಪ್ಪುವುದಿಲ್ಲ. ಸತ್ತ ಮೇಲೆ ಏನು ಎಂಬುದಕ್ಕೆ ಉತ್ತರಗಳು ಹಲವು. ಶಿಕ್ಷೆ ಇದ್ದರೂ ಅದು ಹನ್ನೆರಡು ತಿಂಗಳಿಗಿಂತ ಜಾಸ್ತಿ ಇರುವುದಿಲ್ಲ ಎಂಬುದು ಹಳೆಯ ಮಾತು. ತಂದೆತಾಯಿ ತೀರಿಕೊಂಡಾಗ ಮಕ್ಕಳು 'ಕದ್ದೀಶ್' ಹೇಳುವುದು ಹನ್ನೊಂದೇ ತಿಂಗಳು. ಹನ್ನೆರಡೂ ತಿಂಗಳು ಹೇಳಿದರೆ ಅಪ್ಪ ಅಮ್ಮ ಅಷ್ಟು ಕೆಟ್ಟವರಾಗಿದ್ದರು ಎಂದಂತಾಗುತ್ತದಲ್ಲ, ಅದಕ್ಕೆ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಬರುವುದಿಲ್ಲ. ದುಃಖದಲ್ಲಿರುವವನು ನಾಲ್ಕು ಜನರ ನಡುವೆ ಎದ್ದು ನಿಂತು ದೇವರನ್ನು ಹೊಗಳುತ್ತಾನೆ, ಅಷ್ಟೇ.

'ಆರಿಸಿದ ಜನ' ಎಂಬ ಮಾತಿಗೆ ಬಹಳ ಜನ ಸಿಟ್ಟಾಗುತ್ತಾರೆ. ನಾವೇ ಶ್ರೇಷ್ಠರು ಎಂಬ ಜಂಬ ಅದು ಅಂತ. ಪ್ರವಾದಿ ಆಮೋಸನ ಬಾಯಲ್ಲಿ ದೇವರು ಹೇಳುವುದನ್ನು ಕೇಳಿ: ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ನನ್ನವರೆಂದುಕೊಂಡೆ, ಆದ್ದರಿಂದಲೇ ನಿಮ್ಮ ತಪ್ಪುಗಳಿಗೆಲ್ಲ ನಿಮ್ಮನ್ನು ದಂಡಿಸುತ್ತೇನೆ. ಆಯ್ಕೆ ಎಂದರೆ ಹೆಚ್ಚು ಹೊರೆ. ಜಂಬಪಡುವವರು ಯೆಹೂದಿಗಳಲ್ಲೂ ಇದ್ದಾರೆ, ಇಲ್ಲವೆಂದಲ್ಲ. ಗ್ರಂಥ ಅವರಿಗೆ ಆ ಅವಕಾಶ ಕೊಡುವುದಿಲ್ಲ.

ಯಾರಿಗೆ, ಯಾವ ಭಾಷೆಯಲ್ಲಿ ಪ್ರಾರ್ಥನೆ?

ದಿನಕ್ಕೆ ಮೂರು ಸಲ ಪ್ರಾರ್ಥನೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಯೆರೂಸಲೇಮಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಯುರೋಪಿನವರು ಪೂರ್ವಕ್ಕೆ ತಿರುಗಿದರೆ ನಮ್ಮ ಮುಂಬೈ, ಕೊಚ್ಚಿಯ ಸಿನಗಾಗ್‌ಗಳಲ್ಲಿ ಪಶ್ಚಿಮಕ್ಕೆ ತಿರುಗುತ್ತಾರೆ. ಕೆಲವು ಪ್ರಾರ್ಥನೆಗಳನ್ನು ಒಬ್ಬರೇ ಹೇಳುವಂತಿಲ್ಲ, ಕನಿಷ್ಠ ಹತ್ತು ಮಂದಿ ಬೇಕು. ಕದ್ದೀಶ್ ಅಂಥದ್ದು. ಈ ಹತ್ತು ಜನರ ಕೂಟಕ್ಕೆ 'ಮಿನ್ಯಾನ್' ಎನ್ನುತ್ತಾರೆ. ಸಂಪ್ರದಾಯಸ್ಥ ಆರ್ಥೊಡಾಕ್ಸ್ ಯೆಹೂದಿಗಳು ಗಂಡಸರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಸುಧಾರಣಾವಾದಿ ರಿಫಾರ್ಮ್ ಪಂಗಡ ಮತ್ತು ಇವೆರಡರ ನಡುವಿನ ಕನ್ಸರ್ವೇಟಿವ್ ಪಂಗಡದ ಬಹುಪಾಲು ಸಭೆಗಳು ಹೆಂಗಸರನ್ನೂ ಎಣಿಸುತ್ತವೆ. 1935ರಲ್ಲಿ ಜರ್ಮನಿಯಲ್ಲಿ ರೆಗಿನಾ ಯೋನಾಸ್ ಎಂಬ ಮಹಿಳೆ ರಬ್ಬಿಯಾದರು, ಅಂದರೆ ಧರ್ಮಗುರು. ಅವರನ್ನು ನಾಜಿಗಳು ಔಶ್‌ವಿಟ್ಜ್‌ನಲ್ಲಿ ಕೊಂದರು.

ಮೂರೂ ಹೊತ್ತಿನ ನಡುಭಾಗ 'ಅಮೀದಾ'. ಕಾಲು ಜೋಡಿಸಿ ನಿಂತು, ಪಕ್ಕದವರಿಗೂ ಕೇಳದ ಹಾಗೆ ತುಟಿ ಮಾತ್ರ ಆಡಿಸುತ್ತಾ ಹೇಳುವ ಪ್ರಾರ್ಥನೆ. ಈ ರೀತಿಯನ್ನು ಗುರುಗಳು ಕಲಿತದ್ದು ಒಬ್ಬ ಹೆಂಗಸಿನಿಂದ. ಬೈಬಲಿನ ಕಥೆಯಲ್ಲಿ ಮಕ್ಕಳಿಲ್ಲದ ಹನ್ನಳು ಶಿಲೋವಿನ ದೇವಾಲಯಕ್ಕೆ ಬಂದು ಅಳುತ್ತಾ ಬೇಡುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಯಾಜಕ ಏಲಿಗೆ ಇವಳು ಕುಡಿದು ಬಂದಿದ್ದಾಳೆ ಅನ್ನಿಸಿ ಗದರುತ್ತಾನೆ. ಕುಡಿದಿಲ್ಲ ಒಡೆಯಾ, ಮನಸ್ಸಿನಲ್ಲಿದ್ದದ್ದನ್ನು ದೇವರ ಮುಂದೆ ಸುರಿಯುತ್ತಿದ್ದೇನೆ ಎನ್ನುತ್ತಾಳೆ ಆಕೆ. ಪ್ರಾರ್ಥನೆಯ ನಿಯಮಗಳೆಷ್ಟನ್ನು ಹನ್ನಳಿಂದ ಕಲಿಯಬಹುದು ಅಂತ ತಾಲ್ಮುದ್ ಸಾಲುಸಾಲಾಗಿ ಬಿಡಿಸಿ ಹೇಳುತ್ತದೆ. ಯಾಜಕನೇ ಗುರುತಿಸದೆ ಬೈದ ಆ ಪ್ರಾರ್ಥನೆ ಮುಂದೆ ಇಡೀ ಸಮುದಾಯಕ್ಕೆ ಮಾದರಿಯಾಯಿತು.

ಹೀಬ್ರೂ ಬಾರದಿದ್ದರೆ? ಶೆಮಾ, ಅಮೀದಾ ಎರಡನ್ನೂ ಯಾವ ಭಾಷೆಯಲ್ಲಾದರೂ ಹೇಳಬಹುದು ಅಂತ ಮಿಷ್ನಾ ಅನುಮತಿ ಕೊಡುತ್ತದೆ. ಅರ್ಥವಾಗದೆ ಪಠಿಸುವುದಕ್ಕಿಂತ ಅರ್ಥವಾಗಿ ಹೇಳುವುದು ಮೇಲು ಎನ್ನುವವರಿದ್ದಾರೆ. ಎಲ್ಲಿಗೆ ಹೋದರೂ ಒಂದೇ ಪ್ರಾರ್ಥನೆ ಸಿಗಬೇಕಾದರೆ ಹೀಬ್ರೂವೇ ಬೇಕು ಎನ್ನುವವರೂ ಇದ್ದಾರೆ. ಎರಡರಲ್ಲೂ ಹುರುಳಿದೆ.

ಏನನ್ನು ಬೇಡಬಾರದು ಎಂಬುದಕ್ಕೂ ನಿಯಮವಿದೆ. ನೀವು ಊರಿಗೆ ವಾಪಸ್ ಬರುತ್ತಿದ್ದೀರಿ. ಊರೊಳಗಿಂದ ಯಾರೋ ಕಿರುಚಿ ಅಳುವ ಸದ್ದು ಕೇಳುತ್ತದೆ. ದೇವರೇ, ಅದು ನಮ್ಮ ಮನೆಯಾಗದಿರಲಿ ಎಂದು ಬೇಡಿದರೆ ಅದು ವ್ಯರ್ಥ ಪ್ರಾರ್ಥನೆ ಎನ್ನುತ್ತದೆ ಮಿಷ್ನಾ. ಆಗಬೇಕಾದದ್ದು ಆಗಿಹೋಗಿದೆ. ನಮ್ಮ ಮನೆಯಾಗದಿರಲಿ ಅಂದರೆ ಇನ್ನೊಬ್ಬರ ಮನೆಯಾಗಲಿ ಅಂತಲೂ ಅರ್ಥ ಬರುತ್ತದೆ ಅಲ್ವಾ? ಹೆಂಡತಿ ಬಸುರಿಯಾಗಿರುವಾಗ ಗಂಡು ಮಗುವೇ ಆಗಲಿ ಎಂದು ಬೇಡುವುದನ್ನೂ ಮಿಷ್ನಾ ಇದೇ ಸಾಲಿಗೆ ಸೇರಿಸುತ್ತದೆ. ನನಗೆ ಈ ನಿಯಮ ಬಹಳ ಇಷ್ಟ. ಬೇಡುವಾಗಲೂ ಮನುಷ್ಯ ಪ್ರಾಮಾಣಿಕನಾಗಿರಬೇಕು ಅಂತ ಇದು ಪಟ್ಟು ಹಿಡಿಯುತ್ತದೆ.

ಹಿಂದೆ ಪ್ರಾರ್ಥನೆಯ ಜಾಗದಲ್ಲಿ ಬಲಿ ಇತ್ತು. ಯೆರೂಸಲೇಮಿನ ದೇವಾಲಯವನ್ನು ರೋಮನ್ನರು 70ನೇ ಇಸವಿಯಲ್ಲಿ ಸುಟ್ಟು ಕೆಡವಿದರು. ಆ ಹಾಳು ಗೋಡೆಗಳನ್ನು ನೋಡಿ ರಬ್ಬಿ ಯೆಹೋಶುವ ಗೋಳಾಡುತ್ತಾನೆ: ನಮ್ಮ ಪಾಪ ಕಳೆಯುತ್ತಿದ್ದ ಜಾಗವೇ ಹಾಳಾಯಿತಲ್ಲ! ಗುರು ಯೋಹನಾನ್ ಬೆನ್ ಜಕ್ಕಾಯ್ ಸಮಾಧಾನ ಮಾಡುತ್ತಾನೆ. ಅಳಬೇಡ ಮಗನೇ, ಅದಕ್ಕೆ ಸಮನಾದ ಇನ್ನೊಂದು ದಾರಿ ನಮಗಿದೆ, ಜನರಿಗೆ ಒಳ್ಳೆಯದು ಮಾಡುವುದು. ದೇವಾಲಯವಿಲ್ಲದೆ ಒಂದು ಧರ್ಮ ಸುಮಾರು ಎರಡು ಸಾವಿರ ವರ್ಷ ಉಳಿದುಬಂದದ್ದರ ಹಿಂದೆ ಈ ಮಾತಿನ ಧೈರ್ಯ ಇದೆ.

ಹೊರಗಿನವರು ಸೇರಬಹುದಾ?

ಸೇರಬಹುದು. ಆದರೆ ಬನ್ನಿ ಅಂತ ಯಾರೂ ಕರೆಯುವುದಿಲ್ಲ. ಕಾರಣ ಸರಳ. ದೇವರಿಗೆ ಪ್ರಿಯನಾಗಲು ಯೆಹೂದಿಯೇ ಆಗಬೇಕೆಂದಿಲ್ಲ. ಕೊಲೆ ಮಾಡಬಾರದು, ಕದಿಯಬಾರದು, ನ್ಯಾಯಾಲಯಗಳಿರಬೇಕು ಎಂಬಂಥ ಏಳು ನಿಯಮಗಳು ಎಲ್ಲ ಮನುಷ್ಯರಿಗೂ ಸೇರಿದವು. ಜಲಪ್ರಳಯದ ನಂತರದ ಎಲ್ಲರಿಗೂ ಮೂಲಪುರುಷ ನೋಹ, ಅದಕ್ಕೆ ಇವು ನೋಹನ ಮಕ್ಕಳ ನಿಯಮಗಳು. ಎಲ್ಲ ಜನಾಂಗಗಳ ಸಜ್ಜನರಿಗೂ ಮುಂದಿನ ಲೋಕದಲ್ಲಿ ಪಾಲಿದೆ ಎಂಬುದು ಗುರುಗಳ ಮಾತು.

ಆದರೂ ಒಬ್ಬರು ಬಂದು ಬಾಗಿಲು ತಟ್ಟಿದರೆ? ಯಾಕೆ ಬಂದೆ, ಈ ಜನ ತುಳಿತಕ್ಕೆ ಸಿಕ್ಕಿ ನರಳುತ್ತಿರುವುದು ಗೊತ್ತಿಲ್ಲವಾ ಅಂತ ಮೊದಲು ಕೇಳಬೇಕು ಎನ್ನುತ್ತದೆ ತಾಲ್ಮುದ್. ಗೊತ್ತು, ಆ ಕಷ್ಟದಲ್ಲಿ ಪಾಲು ಪಡೆಯುವ ಯೋಗ್ಯತೆ ನನಗಿಲ್ಲ ಎಂದು ಅವನು ಹೇಳಿದರೆ ಕೂಡಲೇ ಒಪ್ಪಿಕೊಳ್ಳಬೇಕು. ಕೆಲವು ಸುಲಭದ ಆಜ್ಞೆಗಳನ್ನೂ ಕೆಲವು ಕಷ್ಟದವನ್ನೂ ತಿಳಿಸಬೇಕು. ಹೆದರಿ ಓಡುವಷ್ಟು ಹೇಳಬಾರದು. ಈ ಮಾತುಕತೆಯ ಬೇರು ರೂತಳ ಕಥೆಯಲ್ಲಿದೆ. ಮೋವಾಬಿನ ವಿಧವೆ ರೂತಳನ್ನು ಅತ್ತೆ ಮತ್ತೆ ಮತ್ತೆ ವಾಪಸ್ ಹೋಗು ಎನ್ನುತ್ತಾಳೆ. ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು ಎಂದು ಇವಳು ಬಿಡುವುದಿಲ್ಲ. ಅರಸ ದಾವೀದ ಹುಟ್ಟಿದ್ದು ಇವಳ ವಂಶದಲ್ಲಿ.

ಇವತ್ತಿನ ಕ್ರಮ ಹೀಗಿದೆ. ಒಬ್ಬ ರಬ್ಬಿಯ ಬಳಿ ಕಲಿಯಬೇಕು, ಸಾಮಾನ್ಯವಾಗಿ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ. ಹಬ್ಬಗಳು, ಶಬ್ಬಾತ್, ಊಟದ ನಿಯಮಗಳನ್ನು ನಡೆಸಿ ನೋಡಬೇಕು. ಶಬ್ಬಾತ್ ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿ. ಆಮೇಲೆ ಮೂವರ ನ್ಯಾಯಪೀಠದ ಮುಂದೆ ನಿಂತು ಆಜ್ಞೆಗಳನ್ನು ಒಪ್ಪಿಕೊಳ್ಳಬೇಕು. ಗಂಡಸರಿಗೆ ಸುನ್ನತಿ. ಕೊನೆಗೆ 'ಮಿಕ್ವೆ' ಎಂಬ ಕೊಳದಲ್ಲಿ ಪೂರ್ತಿ ಮುಳುಗಿ ಏಳಬೇಕು. ಅದರಲ್ಲಿ ಮಳೆಯ ಅಥವಾ ಒರತೆಯ ನೀರಿರಬೇಕು. ಎದ್ದವರು ಯೆಹೂದಿ. ಹೊಸ ಹೆಸರಿನ ಜೊತೆ ಯೆಹೂದಿಗಳ ಮೂಲಪುರುಷ ಅಬ್ರಹಾಮನ ಮಗ, ಅಬ್ರಹಾಮನ ಮಗಳು ಅಂತ ಸೇರುತ್ತದೆ. ಮದುವೆಗಾಗಿ ಮಾತ್ರ ಬರುವವರನ್ನು ಹಳೆಯ ಕಾನೂನು ಒಪ್ಪುವುದಿಲ್ಲ, ಆದರೆ ಪ್ರೀತಿಸಿದವರಿಂದಾಗಿ ಈ ಧರ್ಮದ ಪರಿಚಯವಾಗಿ ನಿಜವಾಗಿ ಮನಸ್ಸಿಟ್ಟವರೂ ತುಂಬಾ ಇದ್ದಾರೆ. ಅದನ್ನು ತೂಗಿ ನೋಡುವುದು ರಬ್ಬಿಯ ಕೆಲಸ.

ಈಗ ಮಂಗಳೂರಿನ ಮಾತು. ಈಜಿಪ್ಟಿನ ಹಳೆಯ ಕೈರೋದಲ್ಲಿರುವ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯಲ್ಲಿ ಬಿಸಾಡದೆ ಕೂಡಿಟ್ಟ ಲಕ್ಷಾಂತರ ಹಾಳೆಗಳು ಸಿಕ್ಕವು. ಅದರಲ್ಲಿ ಭಾರತದ ಜೊತೆ ವ್ಯಾಪಾರ ಮಾಡುತ್ತಿದ್ದ ಯೆಹೂದಿಗಳ ಪತ್ರಗಳೂ ಇದ್ದವು. ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ. ಕಂಚಿನ ಸಾಮಾನು ಮಾಡಿಸುತ್ತಿದ್ದ. ಅವನ ಪರವಾಗಿ ಯೆಮನಿನ ಏಡನ್‌ವರೆಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. 1132ರ ಅಕ್ಟೋಬರಿನಲ್ಲಿ ಬೆನ್ ಯಿಜು ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದ. ಅದರಲ್ಲಿ ಅವಳಿಗೆ ಬೆರಾಖಾ ಎಂಬ ಯೆಹೂದಿ ಹೆಸರಿದೆ. ಯೆಹೂದಿ ಕಾನೂನಿನಲ್ಲಿ ಹೀಗೆ ಬಿಡುಗಡೆಯಾದ ದಾಸಿ ಪೂರ್ಣ ಯೆಹೂದಿಯಾಗುತ್ತಾಳೆ. ನಮ್ಮ ಕರಾವಳಿಯ ಹೆಣ್ಣೊಬ್ಬಳು ಈ ಧರ್ಮಕ್ಕೆ ಸೇರಿದ್ದಕ್ಕೆ ಸುಮಾರು 900 ವರ್ಷ ಹಿಂದಿನ ದಾಖಲೆ ಇದು. ಆದರೆ ಪತ್ರ ಬರೆದವನು ಒಡೆಯ. ಅವಳ ಮಾತು ಅದರಲ್ಲಿಲ್ಲ. ಸ್ವಂತ ಇಚ್ಛೆಯಿಂದ ಬರಬೇಕು ಎಂಬ ನಿಯಮದ ಪಕ್ಕದಲ್ಲಿ ಈ ಪತ್ರವನ್ನಿಟ್ಟು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಯಾರು ಯೆಹೂದಿ ಎಂಬ ಜಗಳ ಇವತ್ತೂ ಮುಗಿದಿಲ್ಲ. ತಾಯಿ ಯೆಹೂದಿಯಾಗಿದ್ದರೆ ಮಗು ಯೆಹೂದಿ ಎಂಬುದು ಹಳೆಯ ನಿಯಮ. ಅಮೆರಿಕದ ರಿಫಾರ್ಮ್ ರಬ್ಬಿಗಳು 1983ರಲ್ಲಿ, ಮಗುವನ್ನು ಯೆಹೂದಿಯಾಗಿ ಬೆಳೆಸುವುದಾದರೆ ತಂದೆಯ ಕಡೆಯಿಂದಲೂ ಆಗಬಹುದು ಎಂದರು. ರಿಫಾರ್ಮ್ ಮತ್ತು ಕನ್ಸರ್ವೇಟಿವ್ ರಬ್ಬಿಗಳು ಇಸ್ರೇಲಿನೊಳಗೆ ಮಾಡಿಸಿದ ಮತಾಂತರವನ್ನು ಪೌರತ್ವಕ್ಕೆ ಒಪ್ಪಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು. ಮದುವೆಯ ವಿಷಯ ಮಾತ್ರ ಇನ್ನೂ ಆರ್ಥೊಡಾಕ್ಸ್ ರಬ್ಬಿಗಳ ಕೈಯಲ್ಲಿದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಸಮುದಾಯ ಈ ನೋವನ್ನು ಉಂಡಿದೆ. ಗಾಣದಲ್ಲಿ ಎಣ್ಣೆ ತೆಗೆಯುತ್ತಾ, ಶನಿವಾರ ಕೆಲಸ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎನಿಸಿಕೊಂಡವರು ಅವರು. ಉಳಿದ ಯೆಹೂದಿಗಳಿಂದ ದೂರವಿದ್ದರೂ ಶೆಮಾ ಮರೆಯದವರು. ಇಸ್ರೇಲಿಗೆ ಹೋದ ಮೇಲೆ ಅವರ ವಂಶದ ಬಗ್ಗೆ ರಬ್ಬಿಗಳು ಅನುಮಾನ ಎತ್ತಿ ಮದುವೆಗೆ ಅಡ್ಡಿ ಮಾಡಿದರು. ಧರಣಿ ನಡೆಯಿತು. 1964ರಲ್ಲಿ ಇವರು ಎಲ್ಲ ರೀತಿಯಲ್ಲೂ ಯೆಹೂದಿಗಳೇ ಎಂದು ಸರ್ಕಾರ ಘೋಷಿಸಿತು. ಇವತ್ತೂ ಅವರು ಪ್ರವಾದಿ ಎಲೀಯನ ಹೆಸರಿನಲ್ಲಿ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ಕಲಸಿ 'ಮಲಿದಾ' ಹಂಚುತ್ತಾರೆ.

ಮೈಮೋನಿಡೀಸನಿಗೆ ಓಬದ್ಯ ಎಂಬವನು ಬರೆದ ಪತ್ರದ ವಿಷಯ ಹೇಳಲೇಬೇಕು. ಓಬದ್ಯ ಹೊರಗಿನಿಂದ ಬಂದು ಯೆಹೂದಿಯಾದವನು. ಪ್ರಾರ್ಥನೆಯಲ್ಲಿ 'ನಮ್ಮ ಪಿತೃಗಳ ದೇವರೇ' ಅಂತ ಬರುತ್ತದೆ, ನನ್ನ ಪೂರ್ವಜರು ಯೆಹೂದಿಗಳಲ್ಲವಲ್ಲ, ನಾನು ಹಾಗೆ ಹೇಳಬಹುದಾ ಎಂದು ಕೇಳಿದ. ಎಲ್ಲವನ್ನೂ ಎಲ್ಲರಂತೆಯೇ ಹೇಳು, ಒಂದಕ್ಷರ ಬದಲಿಸಬೇಡ, ಅಬ್ರಹಾಮ ನಿನಗೂ ತಂದೆ ಎಂದು ಉತ್ತರ ಬಂತು. ಇನ್ನೊಂದು ಸಲ ಮುಸ್ಲಿಮರ ಬಗ್ಗೆ ಒಂದು ಚರ್ಚೆ ಎದ್ದಿತು. ಅವರು ವಿಗ್ರಹಾರಾಧಕರಲ್ಲ ಎಂದ ಓಬದ್ಯನನ್ನು ಅವನ ಗುರು ಎಲ್ಲರೆದುರು ಮೂರ್ಖ ಎಂದು ಬೈದ. ಮೈಮೋನಿಡೀಸ್ ಕೆರಳಿದ. ಓಬದ್ಯ ಹೇಳಿದ್ದೇ ಸರಿ ಎಂದ. ಹೊರಗಿನಿಂದ ಬಂದವರನ್ನು ನೋಯಿಸಬೇಡಿ ಎಂದು ತೋರಾ 36 ಕಡೆ ಎಚ್ಚರಿಸಿರುವಾಗ ಈ ಮನುಷ್ಯ ಕುಡಿದಿದ್ದನಾ ಎಂದು ಕೇಳಿದ. ನೀನು ಶಿಷ್ಯನಾದರೂ ನಿನ್ನ ಬಳಿ ಬಂದು ಆ ಗುರುವೇ ಕ್ಷಮೆ ಕೇಳಬೇಕು, ಆಮೇಲೆ ಉಪವಾಸ ಮಾಡಿ ದೇವರನ್ನು ಬೇಡಿಕೊಳ್ಳಬೇಕು ಎಂದು ಬರೆದ.

ಈ ಕ್ರಮವನ್ನು ಗಮನಿಸಿ. ಮೊದಲು ಓಬದ್ಯ, ಆಮೇಲೆ ದೇವರು.

ಪಶ್ಚಾತ್ತಾಪ ಹೇಗೆ?

ಪಶ್ಚಾತ್ತಾಪಕ್ಕೆ 'ತೆಶುವಾ' ಎನ್ನುತ್ತಾರೆ. ಅದಕ್ಕೆಂದೇ ವರ್ಷದಲ್ಲಿ ಒಂದು ಕಾಲ ಇದೆ. ಹೊಸ ವರ್ಷದ ಹಬ್ಬ ರೋಶ್ ಹಶಾನಾದಿಂದ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ವರೆಗೆ ಹತ್ತು ದಿನ, ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರುತ್ತದೆ. ಹೊಸ ವರ್ಷದಂದು ಟಗರಿನ ಕೊಂಬು ಊದುತ್ತಾರೆ. ಯೋಮ್ ಕಿಪ್ಪೂರ್‌ನಲ್ಲಿ ಸುಮಾರು 25 ಗಂಟೆ ನೀರೂ ಮುಟ್ಟದ ಉಪವಾಸ. ಚರ್ಮದ ಚಪ್ಪಲಿ ಹಾಕುವುದಿಲ್ಲ. ದಿನವಿಡೀ ಸಿನಗಾಗ್‌ನಲ್ಲಿ ಎದೆಗೆ ಮೆಲ್ಲಗೆ ಬಡಿದುಕೊಂಡು ತಪ್ಪೊಪ್ಪಿಗೆ ಹೇಳುತ್ತಾರೆ. ಆ ಒಪ್ಪಿಗೆ ಬಹುವಚನದಲ್ಲಿದೆ: ನಾವು ತಪ್ಪು ಮಾಡಿದೆವು, ನಾವು ಮೋಸ ಮಾಡಿದೆವು. ಕದಿಯದವನೂ ಕದ್ದೆವು ಅಂತ ಹೇಳುತ್ತಾನೆ. ಪಕ್ಕದವನನ್ನು ಒಂಟಿಯಾಗಿ ನಿಲ್ಲಿಸುವುದಿಲ್ಲ. ರಬ್ಬಿ ಯಾರ ಪಾಪವನ್ನೂ ಕೇಳಿ ಕ್ಷಮಿಸುವುದಿಲ್ಲ, ಆ ಅಧಿಕಾರ ಅವನಿಗಿಲ್ಲ.

ಮೈಮೋನಿಡೀಸ್ ಇದರ ಹಂತಗಳನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ತಪ್ಪನ್ನು ನಿಲ್ಲಿಸಬೇಕು. ಇನ್ನು ಮಾಡುವುದಿಲ್ಲ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಮಾಡಿದ್ದಕ್ಕೆ ನೊಂದುಕೊಳ್ಳಬೇಕು. ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಪೂರ್ತಿಯಾಯಿತು ಅಂತ ಗೊತ್ತಾಗುವುದು ಯಾವಾಗ? ಅದೇ ತಪ್ಪು ಮಾಡುವ ಅವಕಾಶ ಮತ್ತೆ ಬಂದು, ಶಕ್ತಿಯೂ ಇದ್ದು, ಆಗ ಮಾಡದೆ ನಿಂತಾಗ. ಮುದಿತನದಿಂದಲೋ ಭಯದಿಂದಲೋ ಬಿಟ್ಟರೆ ಅದಕ್ಕೂ ಬೆಲೆ ಇದೆ, ಆದರೆ ಅದು ಪೂರ್ಣವಲ್ಲ. ಈಗ ಪಾಪ ಮಾಡುತ್ತೇನೆ, ಯೋಮ್ ಕಿಪ್ಪೂರ್ ತೊಳೆಯುತ್ತದೆ ಎನ್ನುವವನ ಪಾಪವನ್ನು ಆ ದಿನ ತೊಳೆಯುವುದಿಲ್ಲ ಎಂದು ಮಿಷ್ನಾ ಮೊದಲೇ ಹೇಳಿಬಿಟ್ಟಿದೆ.

ಮಿಷ್ನಾದ ಅದೇ ಜಾಗದಲ್ಲಿ ಇನ್ನೊಂದು ಮಾತಿದೆ. ಮನುಷ್ಯನಿಗೂ ದೇವರಿಗೂ ನಡುವಿನ ತಪ್ಪನ್ನು ಯೋಮ್ ಕಿಪ್ಪೂರ್ ಕಳೆಯುತ್ತದೆ. ಮನುಷ್ಯನಿಗೂ ಮನುಷ್ಯನಿಗೂ ನಡುವಿನ ತಪ್ಪನ್ನು ಕಳೆಯುವುದಿಲ್ಲ, ಅವನನ್ನು ಸಮಾಧಾನ ಮಾಡುವವರೆಗೆ. ಅಂದರೆ ನಾನು ಪಕ್ಕದ ಮನೆಯವರ ಹಣ ತಿಂದು ದಿನವಿಡೀ ಉಪವಾಸವಿದ್ದು ಅತ್ತರೆ ಏನೂ ಆಗುವುದಿಲ್ಲ. ದೇವರು ಅವರ ಪರವಾಗಿ ಕ್ಷಮಿಸುವುದಿಲ್ಲ. ಹಣ ವಾಪಸ್ ಕೊಡಬೇಕು. ಕೊಟ್ಟರೂ ಸಾಲದು, ಹೋಗಿ ಕೇಳಬೇಕು. ಬರೀ ಮಾತಿನಿಂದ ನೋಯಿಸಿದ್ದರೂ ಅಷ್ಟೇ. ಯೋಮ್ ಕಿಪ್ಪೂರ್ ಹಿಂದಿನ ದಿನಗಳಲ್ಲಿ ಯೆಹೂದಿಗಳು ಒಬ್ಬರಿಗೊಬ್ಬರು ಫೋನ್ ಮಾಡುವುದು, ಮನೆಗೆ ಹೋಗುವುದು ಇದಕ್ಕೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ ಅಂತ ಸುಮ್ನೆ ಎಲ್ಲರಿಗೂ ಒಂದೇ ಮೆಸೇಜ್ ಕಳಿಸುವುದು ಈಗ ಹೆಚ್ಚಾಗಿದೆ. ನೊಂದವರ ಹೆಸರು ಹಿಡಿದು, ಮಾಡಿದ್ದನ್ನು ಹೇಳಿ ಕೇಳುವುದರ ಜಾಗವನ್ನು ಅದು ತುಂಬಲಾರದು.

ಅವರು ಕ್ಷಮಿಸದಿದ್ದರೆ? ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ ಮತ್ತೆ ಕೇಳು, ಹಾಗೆ ಮೂರು ಸಲ ಕೇಳು ಎನ್ನುತ್ತಾನೆ ಮೈಮೋನಿಡೀಸ್. ಆಮೇಲೂ ಒಪ್ಪದಿದ್ದರೆ ಬಿಡು, ಈಗ ತಪ್ಪು ಅವರದು. ನೊಂದವನು ಬೇಗ ಒಲಿಯಬೇಕು, ಕಲ್ಲಾಗಬಾರದು. ಆದರೆ ಸುಳ್ಳು ಹಬ್ಬಿಸಿ ಮಾನ ಕಳೆದವನನ್ನು ಕ್ಷಮಿಸಲೇಬೇಕೆಂಬ ಕಟ್ಟು ಇಲ್ಲ ಎಂದ ಗುರುಗಳೂ ಇದ್ದಾರೆ. ನೊಂದವರು ಸತ್ತಿದ್ದರೆ ಹತ್ತು ಜನರನ್ನು ಸಮಾಧಿಯ ಬಳಿ ಕರೆದೊಯ್ದು, ದೇವರಿಗೂ ಇಂಥವರಿಗೂ ನಾನು ತಪ್ಪು ಮಾಡಿದೆ, ಹೀಗೆ ಹೀಗೆ ಮಾಡಿದೆ ಎಂದು ಹೇಳಬೇಕು. ಅವರಿಗೆ ಕೊಡಬೇಕಾದ ಹಣವಿದ್ದರೆ ವಾರಸುದಾರರಿಗೆ ಕೊಡಬೇಕು. ಕೊಲೆಯಾದವರ ಪರವಾಗಿ ಬೇರೆ ಯಾರೂ ಕ್ಷಮಿಸಲಾರರು. ನಾಜಿಗಳು ಕೊಂದ 60 ಲಕ್ಷ ಜನರ ವಿಷಯದಲ್ಲಿ ಬದುಕುಳಿದವರು ಕ್ಷಮಿಸಬಹುದಾ ಎಂಬ ಪ್ರಶ್ನೆಗೆ ಎಷ್ಟೋ ರಬ್ಬಿಗಳು ಕೊಟ್ಟ ಉತ್ತರ ಇದೇ. ಅದನ್ನು ಕಠಿಣ ಮನಸ್ಸು ಎನ್ನುವವರು ಈ ನಿಯಮವನ್ನು ತಿಳಿಯದೆ ಮಾತಾಡುತ್ತಾರೆ.

ತಿದ್ದಿಕೊಂಡವನನ್ನು ಸಮಾಜ ಹೇಗೆ ನೋಡಬೇಕು ಎಂಬುದೂ ಇದರ ಭಾಗ. ಮಾತಿನಿಂದ ನೋಯಿಸಬಾರದು ಎಂದು ಹೇಳುವಾಗ ಮಿಷ್ನಾ ಎರಡು ಉದಾಹರಣೆ ಒಟ್ಟಿಗೆ ಕೊಡುತ್ತದೆ. ತಿದ್ದಿಕೊಂಡವನಿಗೆ, ನೀನು ಹಿಂದೆ ಏನು ಮಾಡಿದ್ದೆ ನೆನಪಿದೆಯಾ ಎನ್ನಬೇಡ. ಧರ್ಮಕ್ಕೆ ಸೇರಿದವರ ಮಗನಿಗೆ, ನಿನ್ನ ಹಿರಿಯರು ಏನು ಮಾಡುತ್ತಿದ್ದರು ನೆನಪಿದೆಯಾ ಎನ್ನಬೇಡ. ತಾಲ್ಮುದ್‌ನಲ್ಲಿ ಇದಕ್ಕೊಂದು ನೋವಿನ ಕಥೆ ಇದೆ. ರೇಶ್ ಲಾಕೀಶ್ ದರೋಡೆಕೋರನಾಗಿದ್ದವನು. ರಬ್ಬಿ ಯೋಹನಾನ್ (ಮೇಲೆ ಹೇಳಿದ ಬೆನ್ ಜಕ್ಕಾಯ್ ಅಲ್ಲ, ಬೇರೆಯವನು) ಅವನನ್ನು ಕರೆತಂದು ಕಲಿಸಿದ, ತಂಗಿಯನ್ನು ಕೊಟ್ಟು ಮದುವೆ ಮಾಡಿದ, ತನ್ನ ಸಮಾನ ಪಂಡಿತನಾಗಿ ಬೆಳೆಸಿದ. ಒಂದು ದಿನ ಕತ್ತಿ, ಚಾಕುಗಳ ಬಗ್ಗೆ ಯಾವುದೋ ನಿಯಮದ ಚರ್ಚೆಯಲ್ಲಿ ಇಬ್ಬರಿಗೂ ಮಾತು ಬೆಳೆಯಿತು. ಕಳ್ಳನಿಗೆ ಕಳ್ಳತನದ ಸಾಮಾನು ಚೆನ್ನಾಗಿ ಗೊತ್ತು ಎಂದುಬಿಟ್ಟ ಯೋಹನಾನ್. ರೇಶ್ ಲಾಕೀಶ್ ಹಾಸಿಗೆ ಹಿಡಿದು ಸತ್ತ. ಅವನ ಹಾಗೆ ಎದುರಾಡಿ ವಾದಿಸುವವರು ಯಾರೂ ಸಿಗದೆ ಯೋಹನಾನ್ ಬಟ್ಟೆ ಹರಿದುಕೊಂಡು ಅವನ ಹೆಸರು ಕೂಗುತ್ತಾ ಅಲೆದು, ಬುದ್ಧಿ ಕೆಟ್ಟು ತೀರಿಕೊಂಡ. ತಿದ್ದಿಕೊಂಡವರು ನಿಲ್ಲುವ ಜಾಗದಲ್ಲಿ ಪೂರ್ಣ ಸಜ್ಜನರೂ ನಿಲ್ಲಲಾರರು ಎಂಬ ಮಾತಿರುವ ಗ್ರಂಥವೇ ಈ ಕಥೆಯನ್ನೂ ಮುಚ್ಚಿಡದೆ ಹೇಳುತ್ತದೆ.

ತಿದ್ದಿಕೊಳ್ಳಲು ಬಂದವನಿಗೆ ದಾರಿ ಸುಲಭ ಮಾಡಲು ಗುರುಗಳು ಕಾನೂನನ್ನೇ ಸಡಿಲಿಸಿದರು. ಒಬ್ಬ ಕದ್ದ ತೊಲೆಯನ್ನು ಇಟ್ಟು ಮನೆ ಕಟ್ಟಿದ್ದಾನೆ. ಈಗ ಮನಸ್ಸು ಬದಲಾಗಿದೆ. ಕದ್ದದ್ದನ್ನೇ ಹಿಂತಿರುಗಿಸಬೇಕೆಂದರೆ ಮನೆ ಕೆಡವಬೇಕು. ಹಾಗಾದರೆ ಯಾರು ತಾನೇ ಒಪ್ಪಿಕೊಳ್ಳಲು ಮುಂದೆ ಬರುತ್ತಾರೆ? ತೊಲೆಯ ಬೆಲೆ ಕೊಟ್ಟರೆ ಸಾಕು ಎಂದು ತೀರ್ಮಾನಿಸಿದರು.

ಅತಿ ಕಷ್ಟದ ಪ್ರಶ್ನೆ ಅಂದರೆ ತೂಕದಲ್ಲಿ ಮೋಸ ಮಾಡಿದ ಅಂಗಡಿಯವನದು, ಹೆಚ್ಚು ವಸೂಲಿ ಮಾಡಿದ ಸುಂಕದವನದು. ಸಾವಿರಾರು ಜನರಿಂದ ಚೂರು ಚೂರು ಕದ್ದಿದ್ದಾನೆ. ಯಾರಿಂದ ಎಷ್ಟು ಅಂತ ಅವನಿಗೇ ಗೊತ್ತಿಲ್ಲ. ಯಾರ ಬಾಗಿಲು ತಟ್ಟಬೇಕು? ಗೊತ್ತಿರುವವರಿಗೆ ವಾಪಸ್ ಕೊಡು, ಉಳಿದದ್ದರಲ್ಲಿ ಊರಿನ ಎಲ್ಲರಿಗೂ ಬೇಕಾದ ಕೆಲಸ ಮಾಡಿಸು ಎಂದರು. ಎಂಥ ಕೆಲಸ ಎಂದು ಕೇಳಿದರೆ ಉತ್ತರವೂ ಇದೆ: ನೀರಿಗಾಗಿ ಬಾವಿ, ಹೊಂಡ ತೋಡಿಸು. ಮೋಸಹೋದವರು ಯಾರೇ ಇರಲಿ, ಅಲ್ಲಿಗೆ ನೀರಿಗೆ ಬರುತ್ತಾರೆ.